ಸೆನ್ಸರಿನ ಸುತ್ತ ಎಣ್ಣೆ

ಜೂನ್ 4, ಬುಧವಾರ

ಬೆಳಗ್ಗೆ ಶೆಡ್ಡಿನ ಶಟರ್ ಎತ್ತುವ ಹೊತ್ತಿಗಾಗಲೇ ನರ್ಸಮ್ಮನ ಕಾರು ಬಾಗಿಲಲ್ಲಿ ನಿಂತಿತ್ತು. ಹದಿನಾಲ್ಕು ವರ್ಷದ ಮುದಿ ಕಾರು, ಆದರೆ ಮೈ ಗಟ್ಟಿ. ಗುಡ್ಡದ ಮೇಲಿನ ಮನೆಗಳಿಗೆ ಹೆರಿಗೆ ಮಾಡಿಸಲು ಆಕೆ ಹೋಗುವುದು ಇದರಲ್ಲೇ.

"ಮೇಸ್ತ್ರಿ, ನಿಲ್ಲಿಸಿದ ಕಡೆಯೆಲ್ಲ ನೆಲದ ಮೇಲೆ ಹನಿ ಬೀಳ್ತಿದೆ. ಜಾಸ್ತಿ ಏನಲ್ಲ, ಅಂಗಿ ಗುಂಡಿಯಷ್ಟು" ಎಂದರು.

ಬಾನೆಟ್ ಎತ್ತಿದೆ. ಆಯಿಲ್ ಪ್ರೆಶರ್ ಸೆನ್ಸರಿನ ಸುತ್ತ ಎಣ್ಣೆ ಜಿನುಗಿ, ಧೂಳು ಮೆತ್ತಿ, ಕರಿ ಕೆಸರಾಗಿತ್ತು. ಏನಿದು ಎಂದು ಅವರು ಕೇಳಿದ್ದಕ್ಕೆ ಬಿಡಿಸಿ ಹೇಳಿದೆ. "ಹೆಬ್ಬೆರಳಿನಷ್ಟು ಸಾಮಾನು ನರ್ಸಮ್ಮ. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಇಳಿದ್ರೆ ನಿಮ್ಮ ಮುಂದೆ ಕೆಂಪು ದೀಪ ಹೊತ್ತಿಸೋದು ಇದೇ. ವಯಸ್ಸಾಗಿದೆ, ಸೋರ್ತಿದೆ. ಅರ್ಧ ಗಂಟೆ ಕೂತ್ಕೊಳ್ಳಿ."

ಆಮೆ ಪಕ್ಕದಲ್ಲಿ ನಿಂತು ಕತ್ತು ಚಾಚಿ ನೋಡುತ್ತಿದ್ದ. ಹೆಂಡತಿಯ ತಮ್ಮನೆಂದು ಕೆಲಸಕ್ಕೆ ಇಟ್ಟುಕೊಂಡು ಹನ್ನೆರಡು ವರ್ಷವಾಯಿತು. ಆ ಹೆಸರಿಟ್ಟವನೂ ನಾನೇ. ನಾನು ಮೂರು ಗಾಡಿ ಮುಗಿಸುವಷ್ಟರಲ್ಲಿ ಅವನದು ಒಂದು ಚಕ್ರ ಕಳಚಿರುತ್ತದೆ.

"ಭಾವ, ಮೊದಲು ತೊಳೆದು ನೋಡೋಣ್ವಾ? ಮೇಲಿಂದ ಇಳೀತಿದ್ರೆ?"

"ತೊಳೆದು, ಒರೆಸಿ, ಬಟ್ಟೆ ಉಡಿಸಿ ನೋಡು. ಅಷ್ಟರಲ್ಲಿ ನಾನು ಹೊಸದು ಹಾಕಿರ್ತೀನಿ" ಎಂದೆ. ನರ್ಸಮ್ಮ ನಕ್ಕರು.

ಹಾಕಿದೆ. ಈಗಿನ ಸಾಮಾನುಗಳ ಥ್ರೆಡ್ಡೇ ಸರಿ ಇರುವುದಿಲ್ಲ. ಎಷ್ಟು ತಿರುಗಿಸಿದರೂ ಕೈಗೆ ಬಿಗಿ ಸಿಗಲಿಲ್ಲ. ಸಿಗುವ ತನಕ ತಿರುಗಿಸಿದೆ.

ಈ ಪೆನ್ನೂ ಹಾಗೇ. ಜಾರುತ್ತದೆ. ಇವತ್ತಿನ ಬರಹ ನನಗೇ ಓದಲಾಗುತ್ತಿಲ್ಲ.


ಜೂನ್ 9, ಸೋಮವಾರ

ನರ್ಸಮ್ಮನ ಕಾರು ಮತ್ತೆ ಬಂತು. ಹನಿ ಈಗ ಅಂಗೈ ಅಗಲ.

ಹೊಸ ಸೆನ್ಸರೇ ಸೋರುತ್ತಿದೆ ಎಂದಾಯಿತು. ಅಂಗಡಿಯವನು ಯಾವುದೋ ಕಳಪೆ ಮಾಲು ಕೊಟ್ಟಿದ್ದಾನೆ. ಬಯ್ದು ಇನ್ನೊಂದು ತರಿಸಿದೆ. ತೆಗೆಯುವಾಗ ಮೊನ್ನೆ ಹಾಕಿದ್ದು ಕಷ್ಟಪಟ್ಟು ಬಂತು, ಉದ್ದ ಹಿಡಿಯ ಸ್ಪ್ಯಾನರ್ ಬೇಕಾಯಿತು. ಆಮೆ ಟಾರ್ಕ್ ರೆಂಚ್ ಹಿಡಿದುಕೊಂಡು ಬಂದ. ನಾವು ಇಟ್ಟ ಲೆಕ್ಕದಷ್ಟು ಬಿಗಿಯಾದಾಗ ಟಕ್ ಎಂದು ಸದ್ದು ಮಾಡುವ ಸ್ಪ್ಯಾನರ್ ಅದು. ಹೋದ ವರ್ಷ ಅವನೇ ಆಸೆಪಟ್ಟು ತಂದದ್ದು. ಡಬ್ಬಿಯಿಂದ ಹೊರಗೆ ಬಂದದ್ದೇ ಕಡಿಮೆ.

"ಭಾವ, ಕಾರಿನ ಪುಸ್ತಕದಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದಾರೆ. ತುಂಬಾ ಬಿಗಿ ಮಾಡಬಾರದಂತೆ, ಅದು ಕೂರೋ ಜಾಗ ಅಲ್ಯೂಮಿನಿಯಂ ಅಲ್ವಾ..."

"ಈ ಕೈ ಮೂವತ್ತೊಂದು ವರ್ಷದಿಂದ ಲೆಕ್ಕ ಇಟ್ಟಿದೆ. ಅದು ಟಕ್ ಅನ್ನೋಕೆ ಮುಂಚೆ ನನ್ನ ಬೆರಳು ಅನ್ನುತ್ತೆ. ಒಳಗಿಡು ಅದನ್ನ."

ಒಳಗಿಟ್ಟ. ಎದುರು ಮಾತಾಡುವ ಅಭ್ಯಾಸ ಅವನಿಗಿಲ್ಲ, ಅದೊಂದು ಪುಣ್ಯ.

ಕೂರಿಸುವಾಗ ವಾಷರ್ ಕೈಯಿಂದ ಮೂರು ಸಲ ಬಿತ್ತು. ಮೂರನೆಯ ಸಲ ಎಂಜಿನ್ನಿನ ಕೆಳಗೆಲ್ಲೋ ಸೇರಿಕೊಂಡಿತು. ಅವನೇ ಹುಡುಕಿ ಕೊಟ್ಟ. ಕೈಯಲ್ಲೆಲ್ಲ ಎಣ್ಣೆ ಇದ್ದರೆ ಜಾರದೆ ಏನು ಮಾಡುತ್ತದೆ?

ಈ ಸಲ ಚೆನ್ನಾಗಿ ಬಿಗಿ ಮಾಡಿದ್ದೇನೆ. ಅದರಪ್ಪ ಬಂದರೂ ಸೋರುವುದಿಲ್ಲ.


ಜೂನ್ 10, ಮಂಗಳವಾರ

ಇವಳು ಒಂದು ರಾದ್ಧಾಂತ ಮಾಡಿದಳು. ನಾನು ಚಹಾದ ಲೋಟ ಹಿಡಿದು ಪೇಪರ್ ಓದುತ್ತಿದ್ದೆನಂತೆ. ಲೋಟ ಒಲೆಯಿಂದ ಆಗಷ್ಟೇ ಇಳಿಸಿದ್ದಂತೆ. "ರೀ, ಸುಡಲ್ವಾ?" ಎಂದಳು. ನೋಡಿದರೆ ತೋರುಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದಿದೆ.

"ಮೆಕ್ಯಾನಿಕ್ಕಿನ ಚರ್ಮ ಕಣೇ, ಎಮ್ಮೆಗಿಂತ ದಪ್ಪ" ಎಂದೆ.

"ಡಾಕ್ಟರ ಹತ್ರ ಹೋಗಿ ಬನ್ನಿ."

"ಒಂದು ಬೊಬ್ಬೆಗೆ ಡಾಕ್ಟರಾ?"

"ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕಾ ನಿಮಗೆ?" ಎಂದು ಗೊಣಗಿಕೊಂಡು ಅಡುಗೆಮನೆಗೆ ಹೋದಳು. ಹೆಂಗಸರಿಗೆ ಎಲ್ಲದಕ್ಕೂ ಗಾದೆ ಇರುತ್ತದೆ.


ಜೂನ್ 13, ಶುಕ್ರವಾರ

ಮೂರನೆಯ ಸಲ.

ಇವತ್ತು ನರ್ಸಮ್ಮ ನಗಲಿಲ್ಲ. "ಮೇಸ್ತ್ರಿ, ನಾನು ನಿಮ್ಮನ್ನ ನಂಬಿದೀನಿ. ಗುಡ್ಡದ ಮೇಲೆ ಈ ತಿಂಗಳು ಮೂರು ಜನ ತುಂಬಿದ ಬಸುರಿಯರು. ಯಾವಾಗ ಕರೀತಾರೋ ಗೊತ್ತಿಲ್ಲ. ಈ ಕಾರು ನಿಂತರೆ ನಾನೂ ನಿಂತ ಹಾಗೆ. ಬೇರೆ ಶೆಡ್ಡಿಗೆ ಬೇಕಾದರೂ..."

ಬೇರೆ ಶೆಡ್ಡು! ಕೆನ್ನೆಗೆ ಹೊಡೆದ ಹಾಗಾಯಿತು. ಸೆನ್ಸರ್ ತೆಗೆದು, ಥ್ರೆಡ್ಡಿಗೆ ಸೀಲ್ ಮಾಡುವ ಅಂಟು ಹಚ್ಚಿ, ಮತ್ತೆ ಹಾಕಿ, ಎರಡೂ ಕೈ ಸೇರಿಸಿ ಎಳೆದೆ. ಎಳೆಯುವಾಗ ಒಳಗೆಲ್ಲೋ ಸಣ್ಣದಾಗಿ ಚಿಟ್ ಎಂದಿತು. ಅಂಟು ಹಿಡಿದ ಸದ್ದಿರಬೇಕು. ಕಡಿಮೆಯಾದ ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿದೆ. ಹತ್ತು ನಿಮಿಷ ಓಡಿಸಿದೆ. ಒಂದು ಹನಿ ಇಲ್ಲ.

ಆಮೆ, "ಭಾವ, ಬಿಸಿ ಆದ ಮೇಲೆ ಇನ್ನೊಂದು ಸಲ ನೋಡಿ ಕಳಿಸೋಣ" ಎಂದ. ಅವರಿಗೆ ಹೊತ್ತಾಗುತ್ತಿತ್ತು. ಕಳಿಸಿದೆ.

ಸಂಜೆ ಮನೆಗೆ ಬಂದಾಗ ಇವಳು ಕೇಳಿದಳು, "ಇನ್ನೊಂದು ಚಪ್ಪಲಿ ಎಲ್ಲಿ?" ನೋಡಿಕೊಂಡೆ. ಎಡಗಾಲಿನದು ಇರಲೇ ಇಲ್ಲ. ತಿರುವಿನ ಹತ್ತಿರ ದಾರಿ ಮಧ್ಯದಲ್ಲಿ ಬಿದ್ದಿತ್ತು. ತಲೆ ತುಂಬ ಆ ಸೆನ್ಸರೇ ತುಂಬಿಕೊಂಡಿದ್ದರೆ ಕಾಲಿನ ಮೇಲೆ ಗಮನ ಎಲ್ಲಿರುತ್ತದೆ?


ಜೂನ್ 17, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಬೆಳಗ್ಗೆ ಒಂಬತ್ತೂ ಕಾಲಿಗೆ ನರ್ಸಮ್ಮನ ಫೋನ್ ಬಂತು. ನನ್ನ ಮುಂದೆ ಬೇರೊಂದು ಗಾಡಿ ಇತ್ತು.

"ಮೇಸ್ತ್ರಿ, ಗುಡ್ಡದ ಏರು ಹತ್ತುತಿದೀನಿ. ಕೆಂಪು ದೀಪ ಮಿಣುಕ್ತಿದೆ. ಹತ್ತಿ ಆರಿ, ಹತ್ತಿ ಆರಿ. ನಿಲ್ಲಿಸ್ಲಾ?"

"ಅದು ಹೊಸ ಸೆನ್ಸರ್ ನರ್ಸಮ್ಮ. ಹೊಸದರಲ್ಲಿ ಸ್ವಲ್ಪ ಹುಡುಗಾಟ ಇರುತ್ತೆ. ದೀಪ ಸುಳ್ಳು ಹೇಳ್ತಿದೆ. ನೀವು ಓಡಿಸಿ."

"ಖಂಡಿತಾನಾ? ಹೆರಿಗೆ ಮನೆಗೆ ಹೋಗ್ತಿದೀನಿ. ನೋವು ಶುರುವಾಗಿ ಎರಡು ಗಂಟೆ ಆಯ್ತಂತೆ."

"ಖಂಡಿತ. ಓಡಿಸಿ" ಎಂದೆ.

ಹೀಗೇ ಎಂದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಆಮೇಲೆ ನಾನು ಗಾಡಿಯ ಕೆಳಗಿನ ಗುಂಡಿಗೆ ಇಳಿದೆ. ಮತ್ತೆ ಫೋನ್ ಹೊಡೆದುಕೊಂಡಾಗ ಎತ್ತಿದವನು ಆಮೆ. ಅವನ ದನಿ ಮೇಲಿಂದ ಕೇಳಿಸಿತು. ಆ ದನಿ ನಾನು ಹಿಂದೆಂದೂ ಕೇಳಿರಲಿಲ್ಲ. "ಈಗ್ಲೇ ಆಫ್ ಮಾಡಿ! ಕೀಲಿ ತೆಗೆದುಬಿಡಿ. ಇಲ್ಲ, ಒಂದು ಗಜಾನೂ ಬೇಡ. ಟಕಟಕ ಅಂತ ಸದ್ದು ಬರ್ತಿದ್ರೆ ಎಣ್ಣೆ ಇಲ್ಲ ಅಂತ ಅರ್ಥ. ಎಲ್ಲಿದೀರಿ? ಅಲ್ಲೇ ಇರಿ."

ನಾನು ಗುಂಡಿಯಿಂದ ಹತ್ತಿ ಬರುವಷ್ಟರಲ್ಲಿ ಅವನು ಬೈಕ್ ಏರಿ ಹೋಗಿಯಾಗಿತ್ತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹನ್ನೆರಡು ವರ್ಷದಲ್ಲಿ ಅವನು ಓಡಿದ್ದನ್ನು ನೋಡಿದ್ದು ಇವತ್ತೇ. ನೋಡಿದ್ದು ಎಂದರೂ ಅವನು ಬಿಟ್ಟುಹೋದ ಧೂಳನ್ನು.

ಇಡೀ ದಿನ ಫೋನ್ ಎತ್ತಲಿಲ್ಲ. ಐದು ಗಂಟೆಗೆ ಬಂದ. ತೋಳಿನ ಮೇಲೆ ರಕ್ತ ಒಣಗಿತ್ತು. ಬೆಂಚಿನ ಮೇಲೆ ಕೂತು ನೀರು ಕುಡಿದ.

"ನಾವು ಮುಟ್ಟೋ ಹೊತ್ತಿಗೆ ಮಗು ಆಗಿಬಿಟ್ಟಿತ್ತು ಭಾವ. ಪಕ್ಕದ ಮನೆಯಾಕೆ ಹಿಡಿದುಕೊಂಡಿದ್ದಳು. ಮಗು ಚೆನ್ನಾಗಿದೆ. ತಾಯಿಗೆ ರಕ್ತ ನಿಲ್ತಾ ಇರಲಿಲ್ಲ. ನಿಲ್ಲಿಸೋ ಇಂಜೆಕ್ಷನ್ನು ನರ್ಸಮ್ಮನ ಚೀಲದಲ್ಲಿ. ಆ ಚೀಲ ನನ್ನ ಬೆನ್ನ ಮೇಲೆ. ನಾವಿನ್ನೂ ದಾರೀಲಿ." ಮತ್ತೆ ನೀರು ಕುಡಿದ. "ಒಂದು ಇಟ್ಟಿಗೆ ಲಾರಿ ಸಿಕ್ತು. ಅದರಲ್ಲೇ ಆಸ್ಪತ್ರೆಗೆ ತಂದ್ವಿ. ಬೆಳಗಾಗೋವರೆಗೂ ಏನೂ ಹೇಳಕಾಗಲ್ಲ ಅಂದ್ರು ಡಾಕ್ಟರು."

"ಎಷ್ಟು ತಡವಾಯ್ತು?" ಎಂದು ಕೇಳಿದೆ.

"ಮುಕ್ಕಾಲು ಗಂಟೆ."

ಬೆಳಗ್ಗೆ ನಾನು ಏನು ಹೇಳಿದೆನೆಂದು ಅವನು ಕೇಳಲಿಲ್ಲ. ನರ್ಸಮ್ಮ ಹೇಳಿರುತ್ತಾರೆ.


ಜೂನ್ 18, ಬುಧವಾರ

ಬಾಣಂತಿ ಕಣ್ಣು ಬಿಟ್ಟಿಲ್ಲ. ರಕ್ತ ಕೊಡುತ್ತಿದ್ದಾರಂತೆ.

ಕಾರನ್ನು ಎಳೆದು ತಂದೆವು. ಶೆಡ್ಡಿನ ಮೂಲೆಯಲ್ಲಿದೆ. ಅದರ ಕಡೆ ಬೆನ್ನು ಹಾಕಿ ಕೆಲಸ ಮಾಡಿದೆ.




ಜೂನ್ 19, ಗುರುವಾರ

ಬೆಳಗ್ಗೆ ಸುದ್ದಿ ಬಂತು. ಆಕೆ ಕಣ್ಣು ಬಿಟ್ಟಿದ್ದಾಳೆ. ನೀರು ಕೇಳಿದಳಂತೆ. ಇವಳು ಅಡುಗೆಮನೆಯಲ್ಲಿ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟಳು. ನಾನು ಮುಖ ತೊಳೆಯಲು ಹೋದೆ.

ಶೆಡ್ಡಿಗೆ ಹೋದರೆ ಆಮೆ ನರ್ಸಮ್ಮನ ಕಾರನ್ನು ಬೆಳಕಿಗೆ ತಂದು ನಿಲ್ಲಿಸಿದ್ದ. ಬಾನೆಟ್ ತೆರೆದಿತ್ತು. ಸೀಮೆಎಣ್ಣೆ, ಬ್ರಷ್ಷು, ಒಣ ಬಟ್ಟೆ, ಕೊನೆಗೆ ಅವನ ಅಕ್ಕನ ಪೌಡರ್ ಡಬ್ಬಿ.

"ಇದೇನೋ, ಕಾರಿಗೆ ಮೇಕಪ್ಪಾ?" ಎಂದೆ. ನಗು ಹುಟ್ಟಲಿಲ್ಲ, ನನಗೂ.

ಒಂದು ಗಂಟೆ ತೊಳೆದ. ಸೆನ್ಸರು, ಅದರ ತಂತಿ, ಅದು ಕೂರುವ ಅಲ್ಯೂಮಿನಿಯಂ ಹೌಸಿಂಗು, ಮೇಲಿನ ಗ್ಯಾಸ್ಕೆಟ್ಟಿನ ಅಂಚು, ಯಾವುದನ್ನೂ ಬಿಡಲಿಲ್ಲ. ಗಾಳಿ ಹೊಡೆದು ಒಣಗಿಸಿದ. ಎಲ್ಲದರ ಮೇಲೂ ಪೌಡರ್ ಉದುರಿಸಿದ. ಎಂಜಿನ್ನಿನ ಆ ಭಾಗ ಬೆಳ್ಳಗಾಯಿತು. ಎಣ್ಣೆ ಮೊದಲು ಎಲ್ಲಿ ಮುಟ್ಟುತ್ತದೋ ಅಲ್ಲಿ ಬಿಳಿ ಕಪ್ಪಾಗಬೇಕು, ಸುಳ್ಳು ಹೇಳಲು ಬರುವುದಿಲ್ಲ. ಹೊಸ ಎಣ್ಣೆ ತುಂಬಿ ಚಾಲೂ ಮಾಡಿದೆವು. ಎಂಜಿನ್ನಿನ ಸದ್ದು ನಾನೇ ಕಿವಿಗೊಟ್ಟು ಕೇಳಿದೆ. ಬೇರಿಂಗ್ ಉಳಿದಿದೆ. ಇನ್ನೆರಡು ನಿಮಿಷ ಓಡಿಸಿದ್ದರೆ ಉಳಿಯುತ್ತಿರಲಿಲ್ಲ.

ಹತ್ತು ನಿಮಿಷ. ಒಣ. "ನೋಡು, ಏನೂ ಇಲ್ಲ" ಎಂದೆ.

"ಬಿಸಿಯಾಗಲಿ ಭಾವ."

ಇಪ್ಪತ್ತು ನಿಮಿಷ. ಮೇಲಿನ ಗ್ಯಾಸ್ಕೆಟ್ ಬೆಳ್ಳಗೇ ಇತ್ತು. ತಂತಿಯೂ ಬೆಳ್ಳಗೆ. ಸೆನ್ಸರಿನ ತಲೆಯೂ ಬೆಳ್ಳಗೆ. ಎಲ್ಲವೂ ಒಂದೊಂದಾಗಿ ನಾನಲ್ಲ, ನಾನಲ್ಲ ಎನ್ನುತ್ತಿದ್ದವು.

ಆಮೇಲೆ ಅವನು ಒಳಗೆ ಕೂತು, ಏರು ಹತ್ತುವಾಗಿನ ಹಾಗೆ ಎಂಜಿನ್ ಏರಿಸಿ ಹಿಡಿದ. ನಾನು ಟಾರ್ಚ್ ಹಿಡಿದು ಬಗ್ಗಿದೆ. ಹೌಸಿಂಗಿನಲ್ಲಿ, ಸೆನ್ಸರ್ ಕೂರುವ ತೂತಿನ ಅಂಚಿನಿಂದ ಕೆಳಕ್ಕೆ ಒಂದು ಗೆರೆ ಮೂಡಿತು. ಕೂದಲೆಳೆಯಷ್ಟು ಸಣ್ಣ ಗೆರೆ. ನೋಡುನೋಡುತ್ತಿದ್ದಂತೆ ಅದರ ತುದಿಯಲ್ಲಿ ಒಂದು ಹನಿ ಕಟ್ಟಿತು, ಹಿಂದೆಯೇ ಇನ್ನೊಂದು.

ಬಿರುಕು.

ಸೆನ್ಸರ್ ಬಿಚ್ಚಿದ್ದು ಅವನು. ಉದ್ದ ಹಿಡಿಯ ಸ್ಪ್ಯಾನರಿಗೂ ಜಗ್ಗಲಿಲ್ಲ, ಕೊಳವೆ ಸಿಕ್ಕಿಸಿ ಎಳೆಯಬೇಕಾಯಿತು. ತಾಮ್ರದ ವಾಷರ್ ಕಾಗದದಷ್ಟು ತೆಳ್ಳಗಾಗಿತ್ತು. ಥ್ರೆಡ್ಡಿನ ಜೊತೆ ಅಲ್ಯೂಮಿನಿಯಂ ಚೂರು ಎದ್ದು ಬಂತು. ಬಿರುಕಿನ ಅಂಚು ಫಳಫಳ ಹೊಳೆಯುತ್ತಿತ್ತು. ಹಳೆಯ ಬಿರುಕು ಕಪ್ಪಾಗಿರುತ್ತದೆ. ಇದು ಹೊಸದು.

ಮೊದಲ ದಿನದ ಜಿನುಗು ಹಳೆಯ ವಾಷರಿನದು, ಅಷ್ಟೇ. ಬದಲಿಸಿ, ಹಗುರವಾಗಿ ಕೂರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಅವನು ವಾಷರನ್ನು ತುಂಬ ಹೊತ್ತು ನೋಡಿದ. ನಾನು ಅವನನ್ನು ನೋಡಿದೆ. ಹೊರಗೆ ಯಾವುದೋ ಗಾಡಿ ಹಾರನ್ ಹೊಡೆಯುತ್ತಲೇ ಇತ್ತು. ಕೊನೆಗೆ ಅವನು, "ಹೌಸಿಂಗಿನ ಎರಕವೇ ಸರಿ ಇರಲಿಲ್ಲ ಅನ್ಸುತ್ತೆ ಭಾವ" ಎಂದ.

"ಹೂಂ. ಎರಕ ಸರಿ ಇಲ್ಲ" ಎಂದೆ.


ಜೂನ್ 20, ಶುಕ್ರವಾರ

ನರ್ಸಮ್ಮ ಬಂದಿದ್ದರು. ಏನಾಗಿತ್ತು ಎಂದು ಕೇಳಿದರು. ಹೌಸಿಂಗಿನ ಎರಕದ ದೋಷ, ಯಾರಿಗೂ ಮೊದಲೇ ಗೊತ್ತಾಗುವಂಥದ್ದಲ್ಲ ಎಂದೆ. ಹೊಸದು ಬರಲು ಹತ್ತು ದಿನ ಬೇಕು ಎಂದೆ. ಸರಿ ಎಂದರು. ದೀಪದ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಮೆ ಅಷ್ಟು ಹೊತ್ತೂ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದ. ಸ್ಪ್ಯಾನರಿನ ಸದ್ದು ಬರುತ್ತಿರಲಿಲ್ಲ.


ಜೂನ್ 21, ಶನಿವಾರ

ಎರಕದ ದೋಷ. ಎರಕದ ದೋಷ. ಬರೆದು ನೋಡಿದರೂ ನಿಜವಾಗುತ್ತಿಲ್ಲ.


ಜೂನ್ 23, ಸೋಮವಾರ

ಮಧ್ಯಾಹ್ನ ನರ್ಸಮ್ಮ ನಡೆದುಕೊಂಡೇ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಮಗು ತೂಗುವ ತಕ್ಕಡಿ ಉಳಿದಿತ್ತಂತೆ. ತೆಗೆದುಕೊಟ್ಟೆ. ಹೋಗಲಿಲ್ಲ, ಬೆಂಚಿನ ಮೇಲೆ ಕೂತರು. ಮುಖ ಬಾಡಿತ್ತು.

"ಬಾಣಂತಿ ಮನೆಗೆ ಬಂದಳು ಮೇಸ್ತ್ರಿ. ನೋಡೋಣ ಅಂತ ಅಷ್ಟು ದೂರ ಹೋದೆ. ಅವಳ ಗಂಡ ಬಾಗಿಲಲ್ಲೇ ನಿಲ್ಲಿಸಿದ. ಹೊತ್ತಿಗೆ ಬರದೋರು ಈಗ್ಯಾಕೆ ಬಂದ್ರಿ ಅಂದ." ತಕ್ಕಡಿಯ ಕೊಕ್ಕೆಯನ್ನು ಬಿಚ್ಚುವುದು, ಹಾಕುವುದು ಮಾಡುತ್ತಿದ್ದರು. "ಅವನು ಹೇಳೋದೂ ನಿಜ. ಎಣ್ಣೆ ಸೋರ್ತಿದೆ ಅಂತ ಗೊತ್ತಿದ್ದೂ ಆ ಕಾರಲ್ಲಿ ಹೊರಟೆ. ನನ್ನದೇ ತಪ್ಪು. ಇನ್ನು ಗುಡ್ಡದ ಮನೆಗಳನ್ನ ಬಿಟ್ಟುಬಿಡೋಣ ಅಂತಿದೀನಿ. ಇಪ್ಪತ್ತೆರಡು ವರ್ಷ ಆಯ್ತು, ಸಾಕು."

ನಾನು ಕೈ ಒರೆಸಿಕೊಳ್ಳುತ್ತಿದ್ದೆ. ಒರೆಸಿದ್ದನ್ನೇ ಒರೆಸುತ್ತಿದ್ದೆ. ಆ ಬಟ್ಟೆ ಕೆಳಗಿಟ್ಟು ಹೇಳಿದೆ.

"ತಪ್ಪು ನಿಮ್ಮದಲ್ಲ ನರ್ಸಮ್ಮ. ಎರಕದ್ದೂ ಅಲ್ಲ. ನಾನು ಒಡೆದದ್ದು. ಮೂರು ಸಲ ಬಿಗಿ ಮಾಡಿ ಮಾಡಿ ನಾನೇ ಒಡೆದೆ. ಮೊನ್ನೆ ನಿಮಗೆ ಹೇಳಿದ್ದು ಸುಳ್ಳು."

ಆಮೆ ಕೈಯಲ್ಲಿದ್ದುದನ್ನು ಹಿಡಿದುಕೊಂಡೇ ನಿಂತ.

ನರ್ಸಮ್ಮ ತಕ್ಕಡಿಯನ್ನು ಬೆಂಚಿನ ಮೇಲಿಟ್ಟರು. ಆಮೇಲೆ, "ದೀಪ ಮಿಣುಕ್ತಿದೆ ಅಂದಾಗ ಓಡಿಸಿ ಅಂದ್ರಲ್ಲ, ಆಗ ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳೋಕೆ ಹೋಗಲಿಲ್ಲ."

"ಆ ಹೆಂಗಸು ಸತ್ತೇ ಹೋಗ್ತಿದ್ದಳು."

"ಹೌದು."

ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. "ಮೂವತ್ತು ವರ್ಷ ಈ ಕೆಲಸ ಮಾಡಿದೋರು ನೀವು. ಅಷ್ಟು ಬಿಗಿ ಯಾಕೆ ಮಾಡಿದ್ರಿ?"

"ಕೈಗೆ ಬಿಗಿ ಅನ್ನಿಸಲೇ ಇಲ್ಲ. ಪ್ರತಿ ಸಲಾನೂ ಸಡಿಲ ಇದೆ ಅನ್ನಿಸ್ತಿತ್ತು."

ಆಗ ಅವರು ನನ್ನ ತೋರುಬೆರಳಿನ ಬೊಬ್ಬೆ ನೋಡಿದರು. ಅದು ಒಡೆದು ಹುಣ್ಣಾಗಿತ್ತು. ಬೆಂಚಿನ ಮೇಲೆ ಕೂರಿಸಿದರು. ಚೀಲದಿಂದ ಹತ್ತಿ ತೆಗೆದು ಎಳೆಯಾಗಿ ಹೊಸೆದರು. "ಎರಡೂ ಕೈ ಕೊಡಿ. ಕಣ್ಣು ಮುಚ್ಚಿ. ನಾನು ಮುಟ್ಟಿದಾಗ ಹೂಂ ಅನ್ನಿ. ಮೊದಲು ಬೆರಳು, ಆಮೇಲೆ ಮಣಿಕಟ್ಟು."

ಮುಚ್ಚಿದೆ. ಗಾಳಿ ಪಂಪಿನ ಮೋಟಾರು ತಿರುಗುತ್ತಿತ್ತು. ರಸ್ತೆಯಲ್ಲಿ ಯಾರೋ ಯಾರನ್ನೋ ಕೂಗಿದರು. ಕಾದೆ. ಅವರು ಸಿಟ್ಟಿನಲ್ಲಿದ್ದಾರೆ, ಅದಕ್ಕೇ ತಡ ಮಾಡುತ್ತಿದ್ದಾರೆ ಎನಿಸಿತು.

"ಶುರು ಮಾಡಿ ನರ್ಸಮ್ಮ" ಎಂದೆ.

"ಬೆರಳು ಮುಗೀತು ಮೇಸ್ತ್ರಿ" ಎಂದರು. "ಹತ್ತೂ ಆಯ್ತು."

ಕಣ್ಣು ತೆರೆದೆ. ಹತ್ತಿಯ ಎಳೆ ನನ್ನ ಕಿರುಬೆರಳಿನ ಮೇಲೇ ಇತ್ತು. ಕಣ್ಣಿಗೆ ಕಾಣುತ್ತಿತ್ತು.

ಭಾಮೈದ ಗೋಡೆ ಕಡೆ ತಿರುಗಿಕೊಂಡ.


ಜೂನ್ 25, ಬುಧವಾರ

ಇವಳೂ ಜೊತೆಗೆ ಬಂದಿದ್ದಳು. ಸಕ್ಕರೆ ಕಾಯಿಲೆ. ಎಷ್ಟೋ ವರ್ಷದಿಂದ ಇದ್ದಿರಬೇಕು ಎಂದರು ಡಾಕ್ಟರು. ನರಗಳು ತುದಿಯಿಂದ ಸಾಯುತ್ತಾ ಬರುತ್ತವಂತೆ, ಮೊದಲು ಪಾದ, ಆಮೇಲೆ ಬೆರಳು. ಹೋದದ್ದು ವಾಪಸ್ ಬರುತ್ತದೆ ಎಂದು ಹೇಳಲಾಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು. ಗಾಡಿ ಓಡಿಸಬೇಡಿ ಎಂದೂ ಹೇಳಿದರು.

"ಮೊದಲೇ ತಿಳೀಲಿಲ್ವಾ? ಏನಾದರೂ ಕೈ ಜಾರೋದು, ಸುಟ್ಟುಕೊಳ್ಳೋದು?"

ಇಲ್ಲ ಎನ್ನಲು ಬಾಯಿ ತೆರೆದೆ. ಇವಳು ನೋಡುತ್ತಿದ್ದಳು. "ತಿಳೀತಿತ್ತು" ಎಂದೆ.

ದಾರಿಯಲ್ಲಿ ಅವಳು ಒಂದು ಗಾದೆಯನ್ನೂ ಹೇಳಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡು ನಡೆದಳು.


ಜೂನ್ 26, ಗುರುವಾರ

ಭಾಮೈದನ ಬೈಕಿನಲ್ಲಿ ಗುಡ್ಡದ ಮನೆಗೆ ಹೋದೆ. ನರ್ಸಮ್ಮ ಹೋಗಿ ಎಂದಿರಲಿಲ್ಲ, ಯಾರೂ ಎಂದಿರಲಿಲ್ಲ. ಅವನು ಮಾತ್ರ ದಾರಿಯಲ್ಲಿ ಎರಡು ಸಲ, "ಭಾವ, ವಾಪಸ್ ತಿರುಗಿಸ್ಲಾ?" ಎಂದು ಕೇಳಿದ.

ಬಾಣಂತಿಯ ಗಂಡ ಗಾರೆ ಕೆಲಸದವನು. ಅರ್ಧ ಕಟ್ಟಿದ ಗೋಡೆಯ ಮುಂದೆ ನಿಂತು ಕರಣಿಯಲ್ಲಿ ಸಿಮೆಂಟ್ ಕಲಸುತ್ತಿದ್ದ. ಒಳಗೆ ಮಗು ಅಳುತ್ತಿತ್ತು. ಯಾರು ಏನು ಎಂದು ಹೇಳಿಕೊಂಡೆ. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ದೀಪದ ವಿಷಯವನ್ನೂ ಹೇಳಿದೆ. "ನರ್ಸಮ್ಮ ನಿಲ್ಲಿಸ್ಲಾ ಅಂತ ಕೇಳಿದರು. ಓಡಿಸಿ ಅಂದೋನು ನಾನು. ಅವರದ್ದೇನೂ ತಪ್ಪಿಲ್ಲ."

ಅವನು ಕಲಸುವುದನ್ನು ನಿಲ್ಲಿಸಲಿಲ್ಲ. ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಕೊನೆಗೆ ಕರಣಿಯನ್ನು ಇಟ್ಟಿಗೆಯ ಮೇಲಿಟ್ಟ.

"ಯಾಕ್ ಬಂದ್ರಿ ಇಲ್ಲಿಗೆ?"

"ಹೇಳಬೇಕು ಅನ್ನಿಸ್ತು."

"ಹೇಳಿದ್ರಿ. ನಿಮಗೆ ಹಗುರ ಆಯ್ತು. ಆ ಭಾರ ಈಗ ನನ್ನ ತಲೆ ಮೇಲೆ." ಅವನ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ವಾಸಿಯಿತ್ತು. "ಆ ತಾಯಿ ಅಷ್ಟು ದೂರದಿಂದ ಬಂದರು. ನನ್ನ ಹೆಂಡತಿ ಜೀವ ಉಳಿಸಿದೋರು. ಬಾಗಿಲಿಂದ ಆಚೆ ಕಳಿಸಿದೆ ನಾನು. ಈಗ ಅವರ ಮುಖ ಹೇಗೆ ನೋಡ್ಲಿ? ನಿಮ್ಮ ಮುಖ ಎಲ್ಲಾದರೂ ಕಂಡರೆ ನಾನೇನು ಮಾಡ್ಲಿ? ಹೇಳಿ. ಅದನ್ನೂ ನೀವೇ ಹೇಳಿ ಹೋಗಿ."

ಅವನು ಮತ್ತೆ ಕರಣಿ ಎತ್ತಿಕೊಂಡ.

"ಹೋಗಿ" ಎಂದ.

ಬಂದೆವು. ಇಳಿಜಾರಿನಲ್ಲಿ ಭಾಮೈದ ಬಹಳ ನಿಧಾನವಾಗಿ ಓಡಿಸಿದ. ತಿರುವು ಬಂದಾಗಲೆಲ್ಲ, "ಹಿಡ್ಕೊಂಡಿದೀರಾ ಭಾವ?" ಎನ್ನುತ್ತಿದ್ದ. ಹಿಡಿದುಕೊಂಡಿದ್ದೇನೋ ಇಲ್ಲವೋ ಎಂದು ನಾನು ಪ್ರತಿ ಸಲವೂ ಕೈ ನೋಡಿಕೊಂಡು ಹೂಂ ಎನ್ನಬೇಕಾಯಿತು.


ಜೂನ್ 30, ಸೋಮವಾರ

ನಿನ್ನೆ ಗಾರೆ ಕೆಲಸದವನು ನರ್ಸಮ್ಮನ ಮನೆಗೆ ಹೋಗಿದ್ದನಂತೆ. ಹೊಸ್ತಿಲ ಆಚೆಯೇ ನಿಂತು, ಮಗುವಿನ ತೂಕ ನೋಡಲು ಯಾವಾಗ ಬರ್ತೀರಿ ಎಂದಷ್ಟೇ ಕೇಳಿದನಂತೆ. ನನ್ನ ಹೆಸರೆತ್ತಲಿಲ್ಲವಂತೆ. ಬೆಳಗ್ಗೆ ನರ್ಸಮ್ಮ ಫೋನಿನಲ್ಲಿ ಹೇಳಿದರು. ಅವರು ನನ್ನ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ.

ಹೊಸ ಹೌಸಿಂಗ್ ಬಂತು. ಕೂರಿಸಿದ್ದು ಭಾಮೈದ. ನಾನು ಪುಸ್ತಕ ಓದಿ ಹೇಳುತ್ತಾ ಹೋದೆ, ಅವನು ಟಾರ್ಕ್ ರೆಂಚ್ ಹಿಡಿದು ಮಾಡುತ್ತಾ ಹೋದ. ಸೆನ್ಸರ್ ತಿರುಗಿಸುವಾಗ ಬೇಗನೇ ಟಕ್ ಎಂದಿತು. ಇಷ್ಟೇನಾ ಎಂದುಕೊಂಡೆ. ಇಷ್ಟೇ.

ಗುಡ್ಡದ ಏರಿನವರೆಗೆ ಓಡಿಸಿ ನೋಡಲು ಹೋದೆವು. ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಎರಡನೇ ಗೇರಿನಲ್ಲಿ ಏರು ಮುಗಿಯುವ ತನಕ ಕೆಂಪು ದೀಪದ ಜಾಗದಿಂದ ಕಣ್ಣು ಕೀಳಲಿಲ್ಲ. ಹತ್ತಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಒಂದು ಒಡಕಿಲ್ಲ. ಕಿವಿ ಇನ್ನೂ ಕೈಕೊಟ್ಟಿಲ್ಲ.

ಶೆಡ್ಡಿಗೆ ಬಂದು ಬಾನೆಟ್ ಎತ್ತಿದೆವು. ಹೊರಡುವ ಮುನ್ನ ಉದುರಿಸಿದ್ದ ಪೌಡರ್ ಬೆಳ್ಳಗೇ ಇತ್ತು. ಆದರೂ ಸೆನ್ಸರಿನ ಹಿಂಬದಿ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಗೆ ಬೆರಳು ಹಾಕಿಯೇ ನೋಡಬೇಕು.

"ನೀನು ಮುಟ್ಟಿ ನೋಡು" ಎಂದೆ.

ಕೈ ಒರೆಸಿಕೊಂಡು ಬೆರಳು ಇಳಿಸಿದ. ಸುತ್ತಲೂ ಸವರಿದ. ಇನ್ನೊಮ್ಮೆ ಸವರಿದ. ಅವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿದ್ದೆ.

"ಒಣಗಿದೆ ಭಾವ."

ನರ್ಸಮ್ಮನಿಗೆ ಅವನ ಕೈಯಲ್ಲೇ ಫೋನ್ ಮಾಡಿಸಿದೆ. ಕಾರು ಸಿದ್ಧವಾಗಿದೆ ಎಂದ. ಅತ್ತಲಿಂದ ಅವರು ಕೇಳಿದ್ದು ನನಗೂ ಕೇಳಿಸಿತು. "ಬಿಗಿ ಮಾಡಿದ್ದು ಯಾರು? ಮೇಸ್ತ್ರಿನಾ, ನೀವಾ?"

ಅವನು ನನ್ನ ಮುಖ ನೋಡಿದ. "ಹೇಳು" ಎಂದೆ.

"ನಾನು, ನರ್ಸಮ್ಮ."

"ಹಾಗಾದ್ರೆ ಈಗ್ಲೇ ಬರ್ತೀನಿ. ಗುಡ್ಡದಿಂದ ಕರೆ ಬಂದಿದೆ."

ಅವನು ಕಾರಿನಲ್ಲಿ ಕೂತ. ನಾನು ಹಿಂದೆ ನಿಂತು, ಎಡಕ್ಕೆ, ಇನ್ನೂ ಎಡಕ್ಕೆ, ಸಾಕು ಎಂದು ಕೈ ಬೀಸಿ ತೋರಿಸಿದೆ. ಅವರು ಬಂದು ಕೀಲಿ ತಿರುಗಿಸಿದರೆ ಸಾಕು, ನೇರ ಹೊರಡಬಹುದು ಎನ್ನುವ ಹಾಗೆ ಕಾರನ್ನು ಗುಡ್ಡದ ಕಡೆ ಮುಖ ಮಾಡಿ ನಿಲ್ಲಿಸಿದೆವು.